ಹಳೆಯ ಪ್ರೋಗ್ರಾಂ ಕೆಡದಂತೆ ಲೈಬ್ರರಿ ಶುಚಿಯಾಗಲಿ

ಮಾನ್ಯ ಸಂಪಾದಕರೇ,

ಆಪರೇಟಿಂಗ್ ಸಿಸ್ಟಂನ ತಳದಲ್ಲಿರುವ ಲೈಬ್ರರಿಗಳ (ಹಲವು ಪ್ರೋಗ್ರಾಂಗಳು ಹಂಚಿಕೊಂಡು ಬಳಸುವ ಸಿದ್ಧ ಕೋಡ್ ಸಂಗ್ರಹಗಳ) ಹಳೆಯ ಕೋಡ್ ಅನ್ನು ಆಗಾಗ ಶುಚಿಗೊಳಿಸಬೇಕೆಂಬುದರಲ್ಲಿ ನನಗೆ ತಕರಾರಿಲ್ಲ. ಆದರೆ ಅದರಿಂದ ಯಾವುದಾದರೂ ಪ್ರೋಗ್ರಾಂ ಕೆಟ್ಟಾಗ ‘ತಪ್ಪಾಗಿ ಬರೆದವರು ಅನುಭವಿಸಲಿ’ ಎಂದು ನಮ್ಮ ಸಾಫ್ಟ್‌ವೇರ್ ವಲಯದಲ್ಲಿ ಕೇಳಿಬರುವ ವಾದವನ್ನು ಒಪ್ಪಲಾರೆ. ಅನುಭವಿಸುವವರು ಬರೆದವರಲ್ಲ, ಬಳಸುವವರು.

2010ರಲ್ಲಿ ಲಿನಕ್ಸ್‌ನ ಜಿಲಿಬ್‌ಸಿ ಲೈಬ್ರರಿಯಲ್ಲಿ ಮೆಮೊರಿಯ ಒಂದು ಜಾಗದಿಂದ ಇನ್ನೊಂದಕ್ಕೆ ಮಾಹಿತಿ ನಕಲಿಸುವ ‘ಮೆಮ್‌ಕಾಪಿ’ ಫಂಕ್ಷನ್ನಿನ ವೇಗ ಹೆಚ್ಚಿಸಲೆಂದು, ಕೆಲವು 64 ಬಿಟ್ ಪ್ರೊಸೆಸರ್‌ಗಳ ಮೇಲೆ ಅದು ಮಾಹಿತಿಯನ್ನು ಕೊನೆಯಿಂದ ಮೊದಲಿನತ್ತ ನಕಲಿಸುವಂತೆ ಬದಲಿಸಲಾಯಿತು. ನಕಲಿಸುವ ಜಾಗಗಳು ಒಂದರ ಮೇಲೊಂದು ಬೀಳುವಂತಿದ್ದರೆ ಅಂಥ ನಕಲನ್ನೂ ಸರಿಯಾಗಿ ಮಾಡುವ ‘ಮೆಮ್‌ಮೂವ್’ ಫಂಕ್ಷನ್ ಬಳಸಬೇಕೆಂದು ಸಿ ಭಾಷೆಯ ಮಾನಕ ಹೇಳುವುದರಿಂದ ನಿಯಮದ ಪ್ರಕಾರ ಈ ಬದಲಾವಣೆಯಲ್ಲಿ ದೋಷವಿರಲಿಲ್ಲ. ಆದರೆ ಆ ನಿಯಮವನ್ನು ಪಾಲಿಸದಿದ್ದ ಅಡೋಬಿ ಫ್ಲ್ಯಾಶ್ ಪ್ಲೇಯರ್‌ನ (ಬ್ರೌಸರಿನಲ್ಲಿ ವಿಡಿಯೋ ತೋರಿಸುತ್ತಿದ್ದ ಪ್ರೋಗ್ರಾಂನ) ಧ್ವನಿ ಫೆಡೋರಾ 14 ಎಂಬ ಲಿನಕ್ಸ್ ವಿತರಣೆಯಲ್ಲಿ ಕರ್ಕಶವಾಯಿತು. ಸೋರ್ಸ್ ಕೋಡ್ (ಪ್ರೋಗ್ರಾಂನ ಮೂಲ ಬರಹ) ಕೈಯಲ್ಲಿಲ್ಲದ ಸಾಮಾನ್ಯ ಬಳಕೆದಾರರಿಗೆ ಅದನ್ನು ತಾವೇ ತಿದ್ದಿಕೊಳ್ಳುವುದು ಸುಲಭವೂ ಇರಲಿಲ್ಲ. ಲಿನಕ್ಸ್‌ನ ಜನಕ ಲಿನಸ್ ಟೋರ್ವಾಲ್ಡ್ಸ್ ಅವರೂ ಆಗ ಬಳಕೆದಾರರ ಪರವಾಗಿ ವಾದಿಸಿದ್ದರು.

ಗಮನಿಸಬೇಕಾದದ್ದು ಜಿಲಿಬ್‌ಸಿಯ 2011ರ 2.14 ಆವೃತ್ತಿಯಲ್ಲಿ ಬಂದ ಪರಿಹಾರವನ್ನು. ಆ ಫಂಕ್ಷನ್ನಿಗೆ ಹೊಸದೊಂದು ಸಿಂಬಲ್ ಆವೃತ್ತಿ (ಪ್ರೋಗ್ರಾಂಗಳು ಫಂಕ್ಷನ್ನನ್ನು ಹುಡುಕುವ ಹೆಸರಿಗೆ ಅಂಟಿಸುವ ಆವೃತ್ತಿಯ ಗುರುತು) ಕೊಟ್ಟು, ಹೊಸದಾಗಿ ಕಟ್ಟುವ ಪ್ರೋಗ್ರಾಂಗಳಿಗೆ ವೇಗದ ಮೆಮ್‌ಕಾಪಿಯೂ ಮೊದಲೇ ಕಟ್ಟಿದ ಬೈನರಿಗಳಿಗೆ (ಯಂತ್ರ ನೇರವಾಗಿ ಓಡಿಸುವ ಫೈಲ್‌ಗಳಿಗೆ) ಸುರಕ್ಷಿತವಾದ ಮೆಮ್‌ಮೂವ್ ವರ್ತನೆಯೂ ಸಿಗುವಂತೆ ಮಾಡಲಾಯಿತು. ವೇಗವನ್ನೂ ಬಿಟ್ಟುಕೊಡಲಿಲ್ಲ, ಹಳಬರನ್ನೂ ಕೈಬಿಡಲಿಲ್ಲ. ಸಿ ಭಾಷೆಯ 2011ರ ಮಾನಕವಾದ ಸಿ11 ಕೈಬಿಟ್ಟ ‘ಗೆಟ್ಸ್’ ಫಂಕ್ಷನ್ನಿನ ವಿಷಯದಲ್ಲಿಯೂ ಹೀಗೆಯೇ ಆಗಿದೆ: ಹೊಸ ಮಾನಕದಂತೆ ಬರೆಯುವವರಿಗೆ ಹೆಡರ್ ಫೈಲಿನಲ್ಲಿ (ಬಳಸಬಹುದಾದ ಫಂಕ್ಷನ್‌ಗಳನ್ನು ಘೋಷಿಸುವ ಫೈಲಿನಲ್ಲಿ) ಅದು ಕಾಣಿಸದು, ಹಳೆಯ ಬೈನರಿಗಳಿಗಾಗಿ ಲೈಬ್ರರಿಯೊಳಗೆ ಉಳಿದಿದೆ. 2021ರ 2.34 ಆವೃತ್ತಿಯಲ್ಲಿ ಥ್ರೆಡ್‌ಗಳ (ಒಂದೇ ಪ್ರೋಗ್ರಾಂನೊಳಗೆ ಜೊತೆಜೊತೆಯಾಗಿ ನಡೆಯುವ ಕೆಲಸಗಳ) ಲೈಬ್ರರಿಯನ್ನು ಮುಖ್ಯ ಲೈಬ್ರರಿಯೊಳಗೆ ಸೇರಿಸಿದಾಗ, ಹಳೆಯ ಹೆಸರನ್ನು ಹುಡುಕಿಕೊಂಡು ಬರುವ ಪ್ರೋಗ್ರಾಂಗಳಿಗಾಗಿ ಅದೇ ಹೆಸರಿನ ಫೈಲ್ ಅನ್ನು ಉಳಿಸಿಕೊಂಡರು. ಇಂಥ ಏರ್ಪಾಡುಗಳನ್ನು ಕಸವೆಂದು ಕರೆಯುವುದು ಸರಿಯಲ್ಲ.

ಹಳೆಯದನ್ನು ಕಾಪಾಡುವ ಹೊರೆ ಲೈಬ್ರರಿಯ ನಿರ್ವಾಹಕರ ಮೇಲೆಯೇ ಬೀಳುತ್ತದೆ, ನಿಜ. ಆ ಕಾರಣಕ್ಕೇ ಈ ಲೈಬ್ರರಿಗಳನ್ನು ನೆಚ್ಚಿಕೊಂಡಿರುವ ಬೆಂಗಳೂರಿನ ಕಂಪನಿಗಳು ಪರೀಕ್ಷೆಯ ಕೆಲಸದಲ್ಲಾದರೂ ಕೈಜೋಡಿಸಬೇಕು. ಎಲ್ಲವನ್ನೂ ಹೊಸದಾಗಿ ಕಂಪೈಲ್ ಮಾಡಿ (ಸೋರ್ಸ್ ಕೋಡ್‌ನಿಂದ ಬೈನರಿ ಕಟ್ಟಿ) ಪರೀಕ್ಷಿಸಿದರೆ ಹೊಸ ಸಿಂಬಲ್‌ಗಳಷ್ಟೇ ಪರೀಕ್ಷೆಗೊಳಗಾಗುತ್ತವೆ. ಹಿಂದಿನ ಆವೃತ್ತಿಗಳ ಮೇಲೆ ಕಟ್ಟಿದ ಬೈನರಿಗಳನ್ನು ತೆಗೆದಿಟ್ಟುಕೊಂಡು, ಬಿಡುಗಡೆಗೆ ಮುನ್ನ ಅವನ್ನು ಮತ್ತೆ ಕಂಪೈಲ್ ಮಾಡದೆ ಹೊಸ ಲೈಬ್ರರಿಯೊಂದಿಗೆ ಓಡಿಸಿ ನೋಡಿ, ಕೆಟ್ಟದ್ದನ್ನು ನಿರ್ವಾಹಕರಿಗೆ ವರದಿ ಮಾಡುವುದು ಅವರಿಗೆ ಅಸಾಧ್ಯವೇನಲ್ಲ.

— ಒಬ್ಬ ಓದುಗ, ಬೆಂಗಳೂರು