ಮಗಳಿಗೊಂದು ಪತ್ರ: ಒಂದು ಹಾಸಿಗೆ, ಒಂದು ಫೋಟೋ, ಒಂದು ಕುಕ್ಕರ್

ಶಿವಮೊಗ್ಗ
ಭಾನುವಾರ ಸಂಜೆ

ಪ್ರೀತಿಯ ಪುಟ್ಟಿ,

ಹೋದ ವಾರ ಫೋನಿನಲ್ಲಿ ನೀನು ಹೇಳಿದ ಮಾತು ಮನಸ್ಸಿನಿಂದ ಹೋಗಲೇ ಇಲ್ಲ. ‘ರಾತ್ರಿ ಊಟ ಮುಗಿಸಿ ಏನಾದರೂ ನೋಡೋಣವೆಂದು ಮೊಬೈಲ್ ಹಿಡಿಯುತ್ತೇನಮ್ಮ. ಯಾವುದು ನೋಡಲಿ ಎಂದು ಅರ್ಧ ಗಂಟೆ ಹುಡುಕಿ, ಏನೂ ನೋಡದೆ ಮಲಗಿಬಿಡುತ್ತೇನೆ’ ಎಂದೆ. ಚಿಕ್ಕವಳಿದ್ದಾಗ ನೀನು ಊಟ ಬೇಡವೆಂದು ತಟ್ಟೆ ಸರಿಸಿದರೆ ನಾನು ಅನ್ನ ಕಲಸಿ, ತುತ್ತು ಮಾಡಿ ಸಾಲಾಗಿ ಇಡುತ್ತಿದ್ದೆ. ಈ ಪತ್ರವನ್ನೂ ಹಾಗೆಯೇ ಎಂದುಕೋ. ಫೋನಿನಲ್ಲಿ ಹೆಸರು ಹೇಳಿದರೆ ಈ ಕಿವಿಯಲ್ಲಿ ಕೇಳಿ ಆ ಕಿವಿಯಲ್ಲಿ ಬಿಡುತ್ತೀಯೆ, ಅದಕ್ಕೇ ಬರೆಯುತ್ತಿದ್ದೇನೆ.

ನನ್ನ ಸಿನಿಮಾ ನೋಟ್‌ಪುಸ್ತಕ ನಿನಗೆ ಗೊತ್ತಲ್ಲ, ನೀಲಿ ರಟ್ಟಿನದು. ಮೊದಲ ಪುಟಗಳಲ್ಲಿ ಅನ್ನದ ಅಗುಳಿನಿಂದ ಅಂಟಿಸಿದ ಗುಲಾಬಿ ಬಣ್ಣದ ಟಿಕೆಟ್ ಚೂರುಗಳಿವೆ. ಅವುಗಳ ಮೇಲಿನ ನಂಬರನ್ನು ಇವತ್ತಿಗೂ ಓದಬಹುದು. ನಡುವಿನ ಪುಟಗಳಲ್ಲಿ ಮಲ್ಟಿಪ್ಲೆಕ್ಸಿನ ನುಣುಪು ಕಾಗದ. ಅಕ್ಷರವೆಲ್ಲ ಮಾಸಿ ಬರೀ ಬಿಳಿಯಾಗಿದೆ. ಈಗಂತೂ ಕಾಗದವೇ ಇಲ್ಲ, ಟಿಕೆಟ್ ಮೊಬೈಲಿನಲ್ಲೇ ಬರುತ್ತದೆ. ಹಾಗಾಗಿ ದಿನಾಂಕ, ಸೀಟಿನ ನಂಬರು, ಪಕ್ಕದಲ್ಲಿ ಯಾರಿದ್ದರು ಎಂಬುದನ್ನು ನಾನೇ ಬರೆದಿಡುತ್ತೇನೆ. ನಿನಗಾಗಿ ಈ ವಾರ ಎರಡು ಮೂರು ವರ್ಷದ ಪುಟಗಳನ್ನು ತಿರುವಿ ಹಾಕಿದೆ. ನಾನು ಹೆಸರಿನ ಕೆಳಗೆ ಗೆರೆ ಎಳೆದಿರುವ ಸಿನಿಮಾಗಳಲ್ಲಿ ಹೆಚ್ಚಿನವು ಯಾರೋ ಒಬ್ಬರ ಸಣ್ಣ ಆಸೆಯ ಕಥೆಗಳೆಂಬುದು ಆಗ ಕಣ್ಣಿಗೆ ಬಿತ್ತು. ಒಬ್ಬಳಿಗೆ ಹಾಸಿಗೆ ಬೇಕು, ಒಬ್ಬ ಹುಡುಗನಿಗೆ ಫೋಟೋ ಬೇಕು, ಇನ್ನೊಬ್ಬಳಿಗೆ ಸಾಲ ತೀರಿದರೆ ಸಾಕು.

ಮೊದಲು ‘ಶಿವಮ್ಮ’. 2024ರ ಜೂನಿನಲ್ಲಿ ನಿನ್ನ ಚಿಕ್ಕಮ್ಮನ ಮನೆಗೆ ಬೆಂಗಳೂರಿಗೆ ಹೋಗಿದ್ದಾಗ ನೋಡಿದೆ. ಆ ದಿನ ಚಿಕ್ಕಮ್ಮನಿಗೆ ಬಿಡುವಿರಲಿಲ್ಲ, ಒಬ್ಬಳೇ ಹೋದೆ. ಸಿನಿಮಾಕ್ಕೆ ಒಬ್ಬಳೇ ಹೋಗಿದ್ದು ನನ್ನ ಜೀವಮಾನದಲ್ಲಿ ಅದೇ ಮೊದಲು, ಪುಟ್ಟಿ. ಮದುವೆಯಾದ ಹೊಸದರಲ್ಲಿ ಹೊಸ ಚಿತ್ರ ಬಂದಾಗಲೆಲ್ಲ ಮಧ್ಯಾಹ್ನದ ಆಟಕ್ಕೆ ಹೋಗಬೇಕೆಂದು ಎಷ್ಟು ಆಸೆಯಾಗುತ್ತಿತ್ತು. ಮನೆಯಲ್ಲಿ ಯಾರೂ ಬೇಡವೆಂದವರಲ್ಲ, ಆದರೆ ಕೇಳುವ ಧೈರ್ಯ ನನಗಿರಲಿಲ್ಲ. ಅವತ್ತು ಇಡೀ ಹಾಲಿನಲ್ಲಿ ಏಳು ಜನ ಇದ್ದೆವು. ಮಧ್ಯದ ಸಾಲಿನಲ್ಲಿ ಕುಳಿತು, ಬ್ಯಾಗನ್ನು ಪಕ್ಕದ ಸೀಟಿನಲ್ಲಿಟ್ಟೆ. ದೀಪ ಆರಿತು.

ಶಿವಮ್ಮ ಕೊಪ್ಪಳ ಜಿಲ್ಲೆಯ ಯರೇಹಂಚಿನಾಳದ ಹೆಂಗಸು. ಶಾಲೆಯಲ್ಲಿ ಅಡುಗೆ ಮಾಡುತ್ತಾಳೆ. ಗಂಡ ಹಾಸಿಗೆ ಹಿಡಿದಿದ್ದಾನೆ, ಮಗಳ ಮದುವೆಯಾಗಬೇಕು, ತಲೆಯ ಮೇಲೆ ಸಾಲವಿದೆ. ಇಷ್ಟರ ನಡುವೆ ಅವಳು ಶಕ್ತಿ ಕೊಡುವ ಪಾನೀಯವೊಂದನ್ನು ಮಾರುವ ಚೈನ್ ವ್ಯವಹಾರಕ್ಕೆ ಕೈ ಹಾಕುತ್ತಾಳೆ. ನಮ್ಮ ಬೀದಿಯಲ್ಲೇ ಇಂಥ ಡಬ್ಬಿಗಳನ್ನು ಹಿಡಿದು ಮನೆಮನೆಗೆ ಬರುತ್ತಿದ್ದವರನ್ನು ನೀನೂ ನೋಡಿದ್ದೀಯೆ. ನಾವು ಬಾಗಿಲ ಹಿಂದೆ ನಿಂತು ‘ಅಮ್ಮ ಇಲ್ಲ’ ಎಂದು ನಿನ್ನಿಂದ ಹೇಳಿಸುತ್ತಿದ್ದೆವು. ಈ ಸಿನಿಮಾ ಬಾಗಿಲಿನ ಆಚೆ ನಿಂತವಳ ಜೊತೆ ನಡೆಯುತ್ತದೆ. ಶರಣಮ್ಮ ಚೆಟ್ಟಿ ಆ ಪಾತ್ರ ಮಾಡಿದ್ದಾರೆ. ಕ್ಯಾಮೆರಾ ಮುಂದಿದೆ ಎಂಬ ಪರಿವೆಯೇ ಇಲ್ಲದ ಮುಖ. ಜೈಶಂಕರ್ ಆರ್ಯರ್ ನಿರ್ದೇಶಿಸಿದ ಈ ಚಿತ್ರಕ್ಕೆ 2022ರಲ್ಲಿ ದಕ್ಷಿಣ ಕೊರಿಯಾದ ಬೂಸಾನ್ ಚಿತ್ರೋತ್ಸವದ ನ್ಯೂ ಕರೆಂಟ್ಸ್ ಪ್ರಶಸ್ತಿ ಬಂತು. ಕೊರಿಯಾದಲ್ಲಿ ಪ್ರಶಸ್ತಿ ಗೆದ್ದ ಸಿನಿಮಾಕ್ಕೆ ಬೆಂಗಳೂರಿನಲ್ಲಿ ಏಳೇ ಜನ ಇದ್ದೆವಲ್ಲ ಎಂದು ಹೊರಗೆ ಬರುವಾಗ ಹೊಟ್ಟೆ ಉರಿಯಿತು. ನೀನಾದರೂ ನೋಡು.

ಅದೇ ವರ್ಷ ಬಂದ ‘ಫೋಟೋ’ ಚಿತ್ರವನ್ನು ನಾನು ಎರಡನೇ ಸಲ ನೋಡಲಾರೆ. ಆದರೂ ನೀನು ಒಮ್ಮೆ ನೋಡಬೇಕು. ನಿರ್ದೇಶಕ ಉತ್ಸವ್ ಗೋನವಾರ. ರಾಯಚೂರು ಕಡೆಯ ಹಳ್ಳಿಯ ಹುಡುಗ ದುರ್ಗ್ಯಾನಿಗೆ ವಿಧಾನಸೌಧದ ಮುಂದೆ ನಿಂತು ಫೋಟೋ ತೆಗೆಸಿಕೊಳ್ಳಬೇಕು. ಅಪ್ಪ ಬೆಂಗಳೂರಿನಲ್ಲಿ ಕೂಲಿ ಕೆಲಸ ಮಾಡುತ್ತಾನೆ, ಹುಡುಗ ಅಲ್ಲಿಗೆ ಹೋಗುತ್ತಾನೆ. ಅಷ್ಟರಲ್ಲಿ 2020ರ ಮಾರ್ಚ್ ತಿಂಗಳು, ಲಾಕ್‌ಡೌನ್. ರಾಯಚೂರಿಗೂ ಬೆಂಗಳೂರಿಗೂ ನಡುವೆ ಸುಮಾರು 400 ಕಿಲೋಮೀಟರ್. ಅಪ್ಪ, ಮಗ ನಡೆಯಲು ಶುರು ಮಾಡುತ್ತಾರೆ. ಮುಂದಿನದನ್ನು ನಾನು ಹೇಳುವುದಿಲ್ಲ. ಆ ದಿನಗಳಲ್ಲಿ ನಾವು ಮೂವರೂ ಮನೆಯೊಳಗೆ ಕುಳಿತು ಹಲಸಿನ ಹಪ್ಪಳ ಕರಿದು ತಿನ್ನುತ್ತಾ, ಟಿವಿಯಲ್ಲಿ ನಡೆದು ಹೋಗುವವರನ್ನು ನೋಡುತ್ತಿದ್ದುದು ನೆನಪಿದೆಯೇ? ಆಗ ಕಂಡಿದ್ದು ಜನರ ಸಾಲು. ಈ ಚಿತ್ರದಲ್ಲಿ ಆ ಸಾಲಿನಲ್ಲಿದ್ದ ಒಬ್ಬ ಹುಡುಗನ ಹೆಸರು ಗೊತ್ತಾಗುತ್ತದೆ.

ಈಗ ಹಾಸಿಗೆಯ ಕಥೆ. ಮಲಯಾಳದ ‘ಫೆಮಿನಿಚಿ ಫಾತಿಮಾ’, ಫಾಸಿಲ್ ಮುಹಮ್ಮದ್ ಅವರ ಮೊದಲ ಚಿತ್ರ. ಕೇರಳದ ಪೊನ್ನಾನಿಯಲ್ಲಿ ನಡೆಯುತ್ತದೆ. ಫಾತಿಮಾ ಮಕ್ಕಳು, ಎರಡು ಹೊತ್ತಿನ ಅಡುಗೆ, ಪಾತ್ರೆ, ಬಟ್ಟೆ, ಗಂಡನ ಸೇವೆಗಳಲ್ಲಿ ದಿನ ಕಳೆಯುವ ಗೃಹಿಣಿ. ಮಗ ಮಲಗುವ ಹಾಸಿಗೆ ಕೆಟ್ಟುಹೋಗುತ್ತದೆ. ಅವಳಿಗೆ ಬೆನ್ನುನೋವು, ಇನ್ನೊಂದು ಹಾಸಿಗೆ ಬೇಕು. ಇಷ್ಟೇ. ಇಷ್ಟಕ್ಕೆ ಅವಳು ಎಷ್ಟು ಜನರನ್ನು ಕೇಳಬೇಕು, ಎಷ್ಟು ಸಲ ಸಿಕ್ಕಿದ್ದು ಕೈತಪ್ಪಬೇಕು, ನೋಡು! ಗಂಡ ಕೆಟ್ಟವನೆಂದು ಕೂಗಿ ಹೇಳುವ ಚಿತ್ರ ಇದಲ್ಲ. ತಾನು ಕುಳಿತ ಕೋಣೆಯ ಫ್ಯಾನ್ ಹಾಕಲೂ ಅವನು ಅಡುಗೆಮನೆಯಲ್ಲಿರುವ ಹೆಂಡತಿಯನ್ನು ಕರೆಯುತ್ತಾನೆ. ಅವಳು ಕೈ ಒರೆಸಿಕೊಂಡು ಬಂದು ಸ್ವಿಚ್ ಒತ್ತಿ ಹೋಗುತ್ತಾಳೆ. ಹೀಗೇ ನಗಿಸುತ್ತಾ ನಗಿಸುತ್ತಾ ಎಲ್ಲವನ್ನೂ ಹೇಳಿಬಿಡುತ್ತಾರೆ. ಫಾತಿಮಾ ಆಗಿ ನಟಿಸಿದ ಶಾಮ್ಲಾ ಹಂಝಾ ಅವರಿಗೆ 2024ನೇ ಸಾಲಿನ ಕೇರಳ ರಾಜ್ಯ ಪ್ರಶಸ್ತಿ ಸಿಕ್ಕಿತು. ಅವರು ಬೆನ್ನಿಗೆ ಕೈಯಿಟ್ಟು ನೆಟ್ಟಗಾಗುವ ರೀತಿಯನ್ನು ಗಮನಿಸು. ನಿನ್ನ ಅಜ್ಜಿ ಒಲೆಯ ಮುಂದಿನಿಂದ ಹಾಗೆಯೇ ಏಳುತ್ತಿದ್ದರು.

ಇದನ್ನು ನಾನೂ ಅಪ್ಪನೂ ಮನೆಯಲ್ಲೇ ನೋಡಿದೆವು. ಮುಗಿದ ಮೇಲೆ ಅಪ್ಪ ಒಂದು ಮಾತೂ ಆಡಲಿಲ್ಲ. ಎದ್ದು ಹೋಗಿ ಫ್ಯಾನ್ ಆರಿಸಿದರು, ಕಾಫಿ ಕುಡಿದ ಎರಡೂ ಲೋಟಗಳನ್ನು ತೊಳೆದು ಬೋರಲು ಹಾಕಿದರು. ಮರುದಿನ ಬೆಳಿಗ್ಗೆಯೂ ತೊಳೆದರು. ಈಗಲೂ ತೊಳೆಯುತ್ತಿದ್ದಾರೆ.

ಮುಂಬೈಯಲ್ಲಿರುವ ನಿನಗೆ ಹೇಳಲೇಬೇಕಾದದ್ದು ಪಾಯಲ್ ಕಪಾಡಿಯಾ ಅವರ ‘ಆಲ್ ವಿ ಇಮ್ಯಾಜಿನ್ ಆಸ್ ಲೈಟ್’. 2024ರಲ್ಲಿ ಕಾನ್ ಚಿತ್ರೋತ್ಸವದ ಗ್ರಾಂಡ್ ಪ್ರಿ ಪ್ರಶಸ್ತಿ ಪಡೆದದ್ದು ಎಂದು ನೀನೂ ಓದಿರುತ್ತೀಯೆ. ಪ್ರಶಸ್ತಿಯ ಹೆಸರು ಕೇಳಿ ಹೆದರಬೇಡ. ಕೇರಳದಿಂದ ಬಂದು ಒಂದೇ ಮನೆಯಲ್ಲಿರುವ ಇಬ್ಬರು ನರ್ಸುಗಳು ಪ್ರಭಾ ಮತ್ತು ಅನು, ಅವರ ಆಸ್ಪತ್ರೆಯಲ್ಲಿ ಅಡುಗೆ ಮಾಡುವ ಪಾರ್ವತಿ. ಮಳೆ, ಲೋಕಲ್ ರೈಲು, ತಡರಾತ್ರಿ ಮನೆಗೆ ಬರುವ ಆಯಾಸ, ಎಲ್ಲವೂ ನೀನು ದಿನಾ ಕಾಣುವುದೇ. ಪಾರ್ವತಿಯ ಮನೆಯ ಮೇಲೆ ಬಿಲ್ಡರನ ಕಣ್ಣು ಬಿದ್ದಿದೆ. ಅಷ್ಟು ವರ್ಷ ಬಾಳಿದ ಮನೆ ತನ್ನದೆನ್ನಲು ಅವಳ ಬಳಿ ಒಂದು ಕಾಗದವೂ ಇಲ್ಲ.

ಪ್ರಭಾಳ ಗಂಡ ಜರ್ಮನಿಯಲ್ಲಿದ್ದಾನೆ. ಫೋನಿಲ್ಲ, ಪತ್ರವಿಲ್ಲ. ಒಂದು ದಿನ ಪಾರ್ಸಲ್ ಬರುತ್ತದೆ. ಬಿಚ್ಚಿದರೆ ಕೆಂಪು ಬಣ್ಣದ ಹೊಸ ರೈಸ್ ಕುಕ್ಕರ್, ಅಷ್ಟೇ. ರಾತ್ರಿ ಎಲ್ಲ ಕೆಲಸ ಮುಗಿದ ಮೇಲೆ ಪ್ರಭಾ ಅಡುಗೆಮನೆಯ ನೆಲದ ಮೇಲೆ ಕುಳಿತು ಆ ಕುಕ್ಕರನ್ನು ಅಪ್ಪಿಕೊಳ್ಳುತ್ತಾಳೆ. ಪ್ರಭಾಳ ಪಾತ್ರ ಮಾಡಿದ ಕನಿ ಕುಸೃತಿ ಅಲ್ಲಿ ಅಳುವುದಿಲ್ಲ, ಮಾತೂ ಇಲ್ಲ. ಆ ಒಂದು ದೃಶ್ಯಕ್ಕೆ ನಾನು ನೋಟ್‌ಪುಸ್ತಕದಲ್ಲಿ ಪೂರ್ತಿ ಒಂದು ಪುಟ ಬರೆದಿದ್ದೇನೆ. ನೀನು ಮುಂಬೈಗೆ ಹೊರಟಾಗ ನಾವು ಹಳೆಯ ಸೀರೆಯಲ್ಲಿ ಸುತ್ತಿ ಕೊಟ್ಟ ಸಣ್ಣ ಕುಕ್ಕರ್ ನೆನಪಾಯಿತು. ಅದರ ಜೊತೆ ಒಂದು ಚೀಟಿಯನ್ನಾದರೂ ಬರೆದು ಇಡಬೇಕಿತ್ತು ಎಂದು ಅವತ್ತು ಅನ್ನಿಸಿತು. ಈ ಪತ್ರಕ್ಕೆ ಅದೂ ಒಂದು ಕಾರಣ.

ಹೊತ್ತಿಲ್ಲದ ದಿನಕ್ಕೆ 16 ನಿಮಿಷದ ಒಂದು ಕಿರುಚಿತ್ರವಿದೆ. ‘ಸನ್‌ಫ್ಲವರ್ಸ್ ವರ್ ದ ಫಸ್ಟ್ ಒನ್ಸ್ ಟು ನೋ’. ಹೆಸರು ಇಂಗ್ಲಿಷಿನದಾದರೂ ಕಥೆ ನಮ್ಮದು: ಮುದುಕಿಯೊಬ್ಬಳು ಊರಿನ ಕೋಳಿಯನ್ನು ಕದ್ದೊಯ್ದು, ಸೂರ್ಯ ಹುಟ್ಟದೆ ಊರೆಲ್ಲ ಕತ್ತಲಾಗುವ ಕಥೆ. ಮೈಸೂರಿನ ಚಿದಾನಂದ ನಾಯ್ಕ ಪುಣೆಯ ಫಿಲ್ಮ್ ಇನ್‌ಸ್ಟಿಟ್ಯೂಟಿನಲ್ಲಿದ್ದಾಗ ಮಾಡಿದ್ದು. ಕಾನ್‌ನಲ್ಲಿ ವಿದ್ಯಾರ್ಥಿಗಳ ಚಿತ್ರಗಳಿಗಾಗಿ ಇರುವ ಲಾ ಸಿನೆಫ್ ವಿಭಾಗದ ಮೊದಲ ಬಹುಮಾನ ಗೆದ್ದಿತು. ರಾತ್ರಿಯ ಕಪ್ಪನ್ನು ಅದರಲ್ಲಿ ನೋಡಬೇಕು, ಮೊಬೈಲಿನಲ್ಲಿ ಬೇಡ, ಗೆಳತಿಯ ಲ್ಯಾಪ್‌ಟಾಪಿನಲ್ಲಾದರೂ ನೋಡು.

ಸರಣಿ ಬೇಕೆಂದರೆ ‘ಏಕಂ’. ಕರಾವಳಿಯ ಏಳು ಕಥೆಗಳು. ಯಾವ ಒಟಿಟಿಯೂ ಕೊಳ್ಳದೆ ಹೋದಾಗ 2024ರ ಜುಲೈನಲ್ಲಿ ತಮ್ಮದೇ ಜಾಲತಾಣ ಮಾಡಿ ಬಿಡುಗಡೆ ಮಾಡಿದರು. ಆ ಛಲಕ್ಕಾದರೂ ನಾವು ದುಡ್ಡು ಕೊಟ್ಟು ನೋಡಬೇಕು ಎಂದು ನಾನು ಮೊದಲ ವಾರವೇ ಕೊಟ್ಟೆ. ಎಲ್ಲ ಕಥೆಗಳೂ ಸಮನಾಗಿಲ್ಲ, ಆದರೆ ಊರಿನ ಮಾತು ಕಿವಿಗೆ ಬಿದ್ದರೆ ನಿನಗೆ ಹಿತವಾಗುತ್ತದೆ.

ಇಂಗ್ಲಿಷಿನ ‘ಅಡೋಲಸೆನ್ಸ್’ ಬಗ್ಗೆ ನಿನ್ನ ಕಚೇರಿಯಲ್ಲಿ ಎಲ್ಲರೂ ಮಾತಾಡಿರುತ್ತಾರೆ. ನಾಲ್ಕೇ ಕಂತು, ಪ್ರತಿ ಕಂತೂ ಎಲ್ಲೂ ಕತ್ತರಿ ಹಾಕದ ಒಂದೇ ಶಾಟ್. ಕೊಲೆ ಆರೋಪ ಹೊತ್ತ 13 ವರ್ಷದ ಹುಡುಗನ ಕಥೆ. ಕೊನೆಯಲ್ಲಿ ಅಪ್ಪ ಮಗನ ಮಂಚದ ಬಳಿ ಬಂದು ಅಲ್ಲಿದ್ದ ಟೆಡ್ಡಿ ಗೊಂಬೆಗೆ ಹೊದಿಕೆ ಹೊದಿಸುತ್ತಾನೆ. ನಾನು ಆ ರಾತ್ರಿ ನಿದ್ದೆ ಮಾಡಲಿಲ್ಲ. ಒಬ್ಬಳೇ ಇದ್ದಾಗ ನೋಡಬೇಡ, ನೋಡಿದರೆ ಮುಗಿದ ಕೂಡಲೇ ನನಗೆ ಫೋನ್ ಮಾಡು, ಎಷ್ಟೇ ಹೊತ್ತಾಗಿರಲಿ.

ಒಂದೇ ಒಂದು ಕೋರಿಕೆ. ಇವುಗಳಲ್ಲಿ ಯಾವುದನ್ನೂ ಊಟದ ಜೊತೆ, ಮೆಸೇಜು ನೋಡುತ್ತಾ ನೋಡಬೇಡ. ಪ್ರಭಾ ನೆಲದ ಮೇಲೆ ಕೂರುವ ಹೊತ್ತಿಗೆ ನೀನು ತಲೆ ತಗ್ಗಿಸಿ ಸಾರು ಬಡಿಸಿಕೊಳ್ಳುತ್ತಿದ್ದರೆ ಆ ಸಿನಿಮಾವೇ ಹೋಯಿತು. ಮೊದಲಿಗೆ ‘ಫಾತಿಮಾ’ ನೋಡು, ನಗುತ್ತೀಯೆ. ‘ಫೋಟೋ’ವನ್ನು ರಜೆಯ ಹಿಂದಿನ ರಾತ್ರಿಗೆ ಇಟ್ಟುಕೋ.

ದೀಪಾವಳಿಗೆ ಬರುತ್ತೀಯಲ್ಲ. ಯಾವ ಸಿನಿಮಾ ಇರುತ್ತದೋ ತಿಳಿಯದು, ಏನಿದ್ದರೂ ಮಧ್ಯಾಹ್ನದ ಆಟಕ್ಕೆ ನಾವಿಬ್ಬರೂ ಹೋಗೋಣ. ಅವತ್ತು ಅನ್ನಕ್ಕೆ ತಾವೇ ಇಡುವುದಾಗಿ ಅಪ್ಪ ಹೇಳಿದ್ದಾರೆ. ನೋಟ್‌ಪುಸ್ತಕದಲ್ಲಿ ಒಂದು ಪುಟ ಬಿಟ್ಟಿದ್ದೇನೆ, ಸೀಟಿನ ನಂಬರನ್ನು ನೀನೇ ಬರೆಯಬೇಕು.

ಪ್ರೀತಿಯಿಂದ,
ನಿನ್ನ ಅಮ್ಮ