ಅಳದ ಕೂಸಿನ ಕಡೆ ಜಾಸ್ತಿ ಗಮನ ಇರಲಿ

ಚಿ. ಸೌ. ಮಗಳಿಗೆ ವಿಜಯಪುರದಿಂದ ನಿನ್ನ ದೊಡ್ಡವ್ವನ ಆಶೀರ್ವಾದಗಳು.

ಸಂಜೆಯಾದರೆ ಸಾಕು ಕೂಸು ಒಂದೇ ಸಮ ಅಳುತ್ತದೆ ಅಂತ ಫೋನಿನಲ್ಲಿ ನೀನೂ ಅಳುತ್ತಿದ್ದೆ. ಚೆನ್ನಾಗಿ ಹಾಲು ಕುಡಿದು, ದಿನಕ್ಕೆ ಆರೇಳು ಸಲ ಉಚ್ಚೆ ಹೊಯ್ದು, ಎತ್ತಿಕೊಂಡರೆ ಸುಮ್ಮನಾಗುವ ಕೂಸಿನ ಅಳುವಿಗೆ ಹೆದರಬೇಡ. ಆರನೇ ವಾರದ ಹೊತ್ತಿಗೆ ಈ ಅಳು ಇನ್ನೂ ಜೋರಾಗಬಹುದು, ಮೂರ್ನಾಲ್ಕು ತಿಂಗಳಿಗೆ ತಾನೇ ಇಳಿಯುತ್ತದೆ. ಕುಡಿದ ಹಾಲು ಸ್ವಲ್ಪ ಕಕ್ಕುವುದೂ ಅಷ್ಟೇ. ಹಸಿರು ವಾಂತಿ ಮಾತ್ರ ಬೇರೆ, ಅದಕ್ಕೆ ತಡ ಮಾಡಬಾರದು.

ನನಗೆ ಚಿಂತೆ ಇರುವುದು ಅಳದ ಕೂಸಿನದು. ಎದೆಗೆ ಹಚ್ಚಿದರೆ ಬಾಯಿ ಹಾಕುವುದಿಲ್ಲ, ಎಬ್ಬಿಸಿದರೆ ಏಳುವುದಿಲ್ಲ, ಕೈಕಾಲು ಸಡಿಲ ಬಿಟ್ಟು ಮಲಗಿರುತ್ತದೆ. ‘ಶಾಣ್ಯಾ ಕೂಸು, ಮಲಗಲಿ ಬಿಡು’ ಅನ್ನುವವರು ಮನೆಯಲ್ಲಿ ಇದ್ದೇ ಇರುತ್ತಾರೆ. ಕೇಳಬೇಡ. ಎರಡು ತಿಂಗಳೊಳಗಿನ ಕೂಸು ಹಾಲು ಬಿಟ್ಟಿತು ಅಂದರೆ ಆ ಗಳಿಗೆಯೇ ದವಾಖಾನೆಗೆ ಹೊರಡಬೇಕು. ಫಿಟ್ಸ್ ಬಂದರೂ ಹಾಗೇ.

ಉಸಿರು ಎಣಿಸುವುದನ್ನು ಈಗಲೇ ರೂಢಿ ಮಾಡಿಕೋ. ಕೂಸು ಅಳದೆ ಇರುವಾಗ ಕೌದಿಯ ಮೇಲೆ ಮಲಗಿಸಿ, ಅಂಗಿ ಮೇಲೆತ್ತಿ ಹೊಟ್ಟೆ ನೋಡು. ಒಮ್ಮೆ ಏರಿ ಇಳಿದರೆ ಒಂದು. ಸಣ್ಣ ಕೂಸುಗಳು ಸರಸರ ಉಸಿರಾಡಿ ಒಂದು ಚೂರು ನಿಲ್ಲಿಸುತ್ತವೆ, ಅದಕ್ಕೇ ಗಡಿಯಾರ ಇಟ್ಟುಕೊಂಡು ಪೂರ್ತಿ ಒಂದು ನಿಮಿಷ ಎಣಿಸಬೇಕು. 60 ಅಥವಾ ಅದಕ್ಕಿಂತ ಜಾಸ್ತಿ ಬಂದರೆ ಇನ್ನೊಮ್ಮೆ ಎಣಿಸು. ಮತ್ತೆ ಅಷ್ಟೇ ಬಂದರೆ, ಇಲ್ಲವೇ ಉಸಿರೆಳೆದಾಗ ಪಕ್ಕೆಲುಬಿನ ಕೆಳಗೆ ಗುಳಿ ಬೀಳುತ್ತಿದ್ದರೆ ಕಾಯಬೇಡ.

ನಮ್ಮ ಕಡೆ ಬೇಸಿಗೆ 40 ಡಿಗ್ರಿ ದಾಟುತ್ತದೆ. ಅದರಲ್ಲಿ ಕುಲಾವಿ, ಕುಂಚಿಗೆ, ಮಗ್ಗುಲಲ್ಲಿ ಕೆಂಡ ಬೇರೆ! ಒಂದು ತೆಳು ಅಂಗಿ ಸಾಕು. ಕೆಂಡದ ಹೊಗೆಯಂತೂ ಬೇಡವೇ ಬೇಡ. ಮೈ ಬಿಸಿ ಅನಿಸಿ, ಕೂಸು ಚೆನ್ನಾಗಿ ಹಾಲು ಕುಡಿಯುತ್ತಿದ್ದರೆ, ಬಟ್ಟೆ ಸಡಿಲಿಸಿ ಕಾಲು ತಾಸು ಬಿಟ್ಟು ಕಂಕುಳಲ್ಲಿ ಥರ್ಮಾಮೀಟರ್ ಇಡು. 99.5 ಫ್ಯಾರನ್‌ಹೀಟ್ ಮುಟ್ಟಿದರೆ ಡಾಕ್ಟರಿಗೆ ತೋರಿಸಲೇಬೇಕು. ಮನೆಯಲ್ಲಿರುವ ಸಿರಪ್ ಕುಡಿಸಿ ಬೆಳಗಾಗಲಿ ಅನ್ನಬೇಡ. ಬೆಚ್ಚಗೆ ಅಪ್ಪಿಕೊಂಡರೂ ಮೈ ತಣ್ಣಗೇ ಇದ್ದರೆ ಅದೂ ಅಪಾಯವೇ.

ಹುಟ್ಟಿದ ಮೂರನೇ ದಿನ ಕಂಡ ಹಳದಿ ಎರಡು ವಾರಕ್ಕೆ ಇಳಿದಿರಬೇಕು. ಅಂಗಾಲು ಹಳದಿಯಾದರೆ, ಕಕ್ಕಸು ಸುಣ್ಣದಂತೆ ಬೆಳ್ಳಗಾದರೆ ತೋರಿಸು. ಬಿಸಿಲಿಗೆ ಹಿಡಿದರೆ ಹೋಗುತ್ತದೆ ಅಂತ ಕೂರಬೇಡಿ. ಹೊಕ್ಕುಳಿಗೆ ಎಣ್ಣೆ, ಅರಿಶಿನ, ಬೂದಿ ಯಾವುದೂ ಬೇಡ. ಕೀವು ಬಂದರೆ, ಸುತ್ತ ಕೆಂಪಾದರೆ ತೋರಿಸಬೇಕು.

ಹೊಟ್ಟೆ ಉಬ್ಬಿದೆ ಅಂತ ಬರೆ ಹಾಕಿಸುವುದು ಇನ್ನೂ ಅಲ್ಲಲ್ಲಿ ಇದೆ. ಯಾರೇ ಹೇಳಲಿ, ಒಪ್ಪಬೇಡ. ಆ ಗಾಯ ನಂಜಾದರೆ ಇಷ್ಟು ಸಣ್ಣ ಜೀವ ತಡೆಯುವುದಿಲ್ಲ. ವರ್ಷ ತುಂಬುವ ತನಕ ಜೇನುತುಪ್ಪ ನಾಲಿಗೆಗೆ ಹಚ್ಚಬೇಡಿ. ನಿಮ್ಮವ್ವನಿಗೂ ಇದನ್ನು ಓದಿ ಹೇಳು. ನನ್ನ ತಂಗಿ ನನ್ನ ಮೇಲೆ ಸಿಟ್ಟಾದರೂ ಪರವಾಗಿಲ್ಲ.

ಆಶಾ ಕಾರ್ಯಕರ್ತೆ 42ನೇ ದಿನದ ತನಕ ಮನೆಗೆ ಬರುತ್ತಾಳೆ. ಕೂಸಿನ ತೂಕ ಹಾಕಿಸು, ಸಂಕೋಚ ಇಲ್ಲದೆ ಕೇಳು. ಸರಕಾರಿ ದವಾಖಾನೆಯಲ್ಲಿ ಒಂದು ವರ್ಷದ ತನಕ ಕೂಸಿನ ಚಿಕಿತ್ಸೆಗೆ ದುಡ್ಡು ಕೊಡಬೇಕಿಲ್ಲ. ರಾತ್ರಿ ಏನಾದರೂ ಆದರೆ ಮೊದಲು 108ಕ್ಕೆ ಫೋನ್ ಮಾಡು, ತಾಯಿ ಕಾರ್ಡ್ ತಗೋ, ಕೂಸನ್ನು ಎದೆಗೆ ಅವಚಿಕೊಂಡು ಹೊರಡು. ಆಮೇಲೆ ನನಗೆ ಹೇಳು. ಜಿಲ್ಲಾಸ್ಪತ್ರೆಗೆ ಬರುವುದಾದರೆ ನೀವು ಬರುವಷ್ಟರಲ್ಲಿ ನಾನು ಅಲ್ಲಿರುತ್ತೇನೆ.

ನಿನ್ನ
ದೊಡ್ಡವ್ವ