ಗುಬ್ಬಿಯಿಂದ ಮಾವನ ಪತ್ರ: ನಿನ್ನ ಪ್ರಬಂಧದ ವಿಷಯವಾಗಿ

ಗುಬ್ಬಿ, ತುಮಕೂರು ಜಿಲ್ಲೆ

ಚಿ. ಸಹನಾಳಿಗೆ ನಿನ್ನ ಸೋದರಮಾವ ಮಾಡುವ ಆಶೀರ್ವಾದಗಳು.

ಇತ್ತ ನಾವೆಲ್ಲರೂ ಕ್ಷೇಮ. ಸೈನ್ಯದಲ್ಲಿ ಹೊಸ ಸಾಮರ್ಥ್ಯ ಹೇಗೆ ಬೆಳೆಯುತ್ತದೆ ಎಂಬುದರ ಮೇಲೆ ಅಕಾಡೆಮಿಗೆಂದು ನೀನು ಬರೆದ ಪ್ರಬಂಧದ ಕರಡನ್ನು ಎರಡು ಸಲ ಓದಿದೆ. ಭಾಷೆ ಚೆನ್ನಾಗಿದೆ, ಡ್ರೋನು ಕ್ಷಿಪಣಿಗಳ ಪಟ್ಟಿಯೂ ಉದ್ದವಾಗಿದೆ. ಆದರೆ ಅವನ್ನು ನಡೆಸುವವರು, ರಿಪೇರಿ ಮಾಡುವವರು, ಬಿಡಿಭಾಗ ತಲುಪಿಸುವವರು ಹತ್ತು ಪುಟಗಳಲ್ಲಿ ಎಲ್ಲಿಯೂ ಕಾಣಲಿಲ್ಲ. ಇಪ್ಪತ್ತನಾಲ್ಕು ವರ್ಷ ಸೇನೆಯ ವರ್ಕ್‌ಶಾಪಿನಲ್ಲಿ ಸ್ಪ್ಯಾನರ್ ಹಿಡಿದವನ ಕಣ್ಣಿಗೆ ಮೊದಲು ಬೀಳುವುದೇ ಅದು.

ಕೌಟಿಲ್ಯನನ್ನು ನೀನು ಒಂದೇ ಸಾಲಿನಲ್ಲಿ ದಾಟಿಬಿಟ್ಟಿದ್ದೀಯೆ. ಮೈಸೂರಿನ ಓರಿಯಂಟಲ್ ಲೈಬ್ರರಿಗೆ ಬಂದ ತಾಳೆಗರಿಯ ಪ್ರತಿಯಿಂದ ಆರ್. ಶಾಮಶಾಸ್ತ್ರಿಗಳು ಅರ್ಥಶಾಸ್ತ್ರವನ್ನು 1909ರಲ್ಲಿ ಅಚ್ಚು ಹಾಕಿಸಿದ್ದು ನಮ್ಮ ನಾಡಿನ ಹೆಮ್ಮೆ. ಅದಕ್ಕಾದರೂ ಅವನಿಗೆ ಒಂದು ಪುಟ ಕೊಡಬೇಕಿತ್ತು. ಉತ್ಸಾಹಶಕ್ತಿಗಿಂತ, ಅಂದರೆ ರಾಜನ ಸ್ವಂತ ಶೌರ್ಯಕ್ಕಿಂತ, ಬೊಕ್ಕಸ ಮತ್ತು ಸೈನ್ಯದ ಬಲವಾದ ಪ್ರಭುಶಕ್ತಿ ಮೇಲು, ಪ್ರಭುಶಕ್ತಿಗಿಂತ ಆಲೋಚನೆಯ ಬಲವಾದ ಮಂತ್ರಶಕ್ತಿ ಮೇಲು ಎಂಬ ಅವನ ವಾದವನ್ನು ಎಲ್ಲರೂ ಉದ್ಧರಿಸುತ್ತಾರೆ. ನನಗೆ ಹೆಚ್ಚು ಹಿಡಿಸಿದ್ದು ಎಂಟನೆಯ ಅಧಿಕರಣದಲ್ಲಿ ಸೈನ್ಯದ ವ್ಯಸನಗಳನ್ನು, ಅಂದರೆ ಸಂಕಷ್ಟಗಳನ್ನು, ಎಣಿಸುವ ಭಾಗ. ಸಂಬಳ ಸಿಗದ ಸೈನ್ಯ, ರೋಗ ಹಿಡಿದ ಸೈನ್ಯ, ದೂರದಿಂದ ಬಂದು ದಣಿದ ಸೈನ್ಯ, ಹೊಸದಾಗಿ ಬಂದ ಸೈನ್ಯ ಎಂದು ಒಂದೊಂದನ್ನೂ ತೂಗಿ ನೋಡುತ್ತಾ, ಹೊಸಬರು ಆ ಸೀಮೆಯ ವಿಷಯವನ್ನು ಬಲ್ಲವರಿಂದ ತಿಳಿದು ಹಳಬರೊಡನೆ ಬೆರೆತರೆ ಕಾದಾಡಬಲ್ಲರು ಎನ್ನುತ್ತಾನೆ. ಹೊಸ ಯಂತ್ರದ ವಿಷಯದಲ್ಲಿಯೂ ಅದು ಹಾಗೆಯೇ ಎಂಬುದನ್ನು ನಾನು ಲಡಾಖಿನಲ್ಲಿ ಕಂಡೆ.

ಒಂದು ಅಕ್ಟೋಬರಿನಲ್ಲಿ ನಮ್ಮ ವರ್ಕ್‌ಶಾಪಿಗೆ ಎಂಜಿನ್ ಪರೀಕ್ಷಿಸುವ ಹೊಸ ಯಂತ್ರ ಬಂತು. ಗ್ರೀಸ್ ಕಾಗದ ಬಿಚ್ಚಿದಾಗ ಅದರ ಹಸಿರು ಬಣ್ಣ ಫಳಫಳ ಹೊಳೆಯುತ್ತಿತ್ತು. ಅದನ್ನು ನಡೆಸಲು ತರಬೇತಿ ಪಡೆದಿದ್ದ ಹವಾಲ್ದಾರರಿಗೆ ವಾರದ ಹಿಂದೆಯಷ್ಟೇ ವರ್ಗವಾಗಿತ್ತು. ಇದ್ದ ಒಂದೇ ಕೈಪಿಡಿ ಬೀರುವಿನೊಳಗೆ, ಬೀರುವಿನ ಕೀಲಿಕೈ ರಜೆಯ ಮೇಲೆ ಹೋದವರ ಬಳಿ. ಚಳಿಗಾಲವಿಡೀ ಅದು ಟಾರ್ಪಾಲಿನಡಿ ಕೂತಿತು. ಏಪ್ರಿಲಿನಲ್ಲಿ ತೆಗೆದು ನೋಡಿದರೆ ರಬ್ಬರ್ ಪೈಪುಗಳು ಚಳಿಗೆ ಸೀಳಿದ್ದವು. ಲೆಕ್ಕದ ಪುಸ್ತಕದಲ್ಲಿ ಮಾತ್ರ ಆ ಆರು ತಿಂಗಳೂ ನಮ್ಮಲ್ಲಿ ಆ ಸಾಮರ್ಥ್ಯ ಇತ್ತು! ಕೊನೆಗೆ ನಿವೃತ್ತಿಯ ಅಂಚಿನಲ್ಲಿದ್ದ ಒಬ್ಬ ನಾಯಕ್ ಹಳೆಯ ಯಂತ್ರದ ಅನುಭವದ ಮೇಲೆಯೇ ಅದನ್ನು ಕಲಿತು, ಇಬ್ಬರು ಹುಡುಗರಿಗೆ ಕಲಿಸಿದ ಮೇಲೆ ಅದು ಕೆಲಸಕ್ಕೆ ಬಂತು.

ನಿನ್ನ ಪ್ರಬಂಧದಲ್ಲಿ ಮೈಸೂರಿನ ರಾಕೆಟ್ಟಿನ ಹೊಗಳಿಕೆ ಇದೆ, ಅದು ಸರಿಯೇ. ಕೋಲಾರ ಸೀಮೆಯ ಬೂದಿಕೋಟೆಯಲ್ಲಿ ಹುಟ್ಟಿದ ಹೈದರಾಲಿಯ ಸೈನ್ಯ 1780ರ ಸೆಪ್ಟೆಂಬರ್ 10ರಂದು ಪೊಲ್ಲಿಲೂರಿನಲ್ಲಿ ಇಂಗ್ಲಿಷರ ಕರ್ನಲ್ ಬೇಯ್ಲಿಯ ತುಕಡಿಯನ್ನು ಮುರಿದಾಗ ಅದರಲ್ಲಿ ರಾಕೆಟ್ಟಿನವರೂ ಇದ್ದರು. ಆದರೆ ನೀನು ಕಬ್ಬಿಣದ ಕೊಳವೆಯನ್ನಷ್ಟೇ ನೋಡಿದ್ದೀಯೆ. ಕಾಗದದ ಕೊಳವೆ ತಾಳದ ಒತ್ತಡವನ್ನು ಕಬ್ಬಿಣ ತಾಳಿದ್ದರಿಂದ ರಾಕೆಟ್ಟು ದೂರ ಹೋಯಿತು, ನಿಜ. ಆ ಕೊಳವೆಗೆ ಬಿದಿರು ಕಟ್ಟಿ, ದೂರಕ್ಕೆ ತಕ್ಕ ಓರೆಯಲ್ಲಿ ನಿಲ್ಲಿಸಿ ಹಾರಿಸಬಲ್ಲವರ ಪ್ರತ್ಯೇಕ ತುಕಡಿಗಳನ್ನು ಟಿಪ್ಪು ಕುಶೂನು ಎಂಬ ತನ್ನ ಸೈನ್ಯದ ದಳಗಳೊಳಗೇ ಕೂಡಿಸಿದ್ದ; ನನ್ನ ಲೆಕ್ಕದಲ್ಲಿ ಕಬ್ಬಿಣಕ್ಕಿಂತ ದೊಡ್ಡ ಆವಿಷ್ಕಾರ ಅದು. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮೇಲೆ ಕೊಳವೆಗಳು ಇಂಗ್ಲೆಂಡಿನ ವೂಲಿಚ್ ಶಸ್ತ್ರಾಗಾರಕ್ಕೆ ಹೋದವು. ಅಲ್ಲಿ ವಿಲಿಯಂ ಕಾಂಗ್ರೀವ್ ಎಂಬ ಇಂಗ್ಲಿಷಿನವನು ಅದನ್ನೇ ಬೆಳೆಸಿದ. 1807ರಲ್ಲಿ ಡೆನ್ಮಾರ್ಕಿನ ಕೋಪನ್‌ಹೇಗನ್ ಮೇಲೆ ಅವನ ರಾಕೆಟ್‌ಗಳು ಬಿದ್ದವು. ಇಲ್ಲಿ ತುಕಡಿ ಚದುರಿತು, ವಿದ್ಯೆಯೂ ಅದರೊಡನೆ ಹೋಯಿತು.

1940ರಲ್ಲಿ ಜರ್ಮನಿಗೆ ಸೋತ ಫ್ರಾನ್ಸಿನ ಉದಾಹರಣೆಯನ್ನೂ ಸೇರಿಸು. ಅವರ ಷಾರ್ ಬಿ ಒಂದು ಎಂಬ ಟ್ಯಾಂಕಿನ ಕವಚ ದಪ್ಪವಾಗಿತ್ತು, ಫಿರಂಗಿಯೂ ಬಲವಾಗಿತ್ತು. ಆದರೆ ಅದರ ಗೋಪುರದಲ್ಲಿ ಒಬ್ಬನಿಗಷ್ಟೇ ಜಾಗ. ಗುಂಡು ತುಂಬುವವನೂ, ಗುರಿಯಿಡುವವನೂ, ಟ್ಯಾಂಕಿಗೆ ಅಪ್ಪಣೆ ಕೊಡುವ ಕಮಾಂಡರನೂ ಅವನೇ. ಜರ್ಮನರ ಮಧ್ಯಮ ಟ್ಯಾಂಕುಗಳಲ್ಲಿ ಆ ಕೆಲಸ ಮೂವರಲ್ಲಿ ಹಂಚಿತ್ತು, ಮಾತಾಡಲು ರೇಡಿಯೋ ಇತ್ತು. ಯುದ್ಧದಲ್ಲಿ ಅತಿ ಸರಳವಾದದ್ದೂ ಕಷ್ಟವಾಗುವುದನ್ನು ಪ್ರಷ್ಯಾದ ಯುದ್ಧಚಿಂತಕ ಕ್ಲಾಸ್‌ವಿಟ್ಸ್ ಘರ್ಷಣೆ ಎಂದು ಕರೆದ. ಆ ಗೋಪುರದೊಳಗಿನ ಒಂಟಿ ಕಮಾಂಡರನನ್ನು ನೆನೆದರೆ ಅದು ಸುಲಭವಾಗಿ ತಿಳಿಯುತ್ತದೆ.

ನಮ್ಮ ತಾಲ್ಲೂಕಿನ ಬಿದರೆಹಳ್ಳ ಕಾವಲಿನಲ್ಲಿ 2023ರ ಫೆಬ್ರುವರಿ 6ರಂದು ಎಚ್ಎಎಲ್ ಹೆಲಿಕಾಪ್ಟರ್ ಕಾರ್ಖಾನೆಯ ಉದ್ಘಾಟನೆಯಾಯಿತು. ಹಳೆಯ ಚೀತಾ, ಚೇತಕ್‌ಗಳ ಜಾಗಕ್ಕೆ ಬರಬೇಕಾದ ಹಗುರ ಹೆಲಿಕಾಪ್ಟರ್ ಮೊದಲ ಸಲ ಹಾರಿದ್ದು 2016ರ ಸೆಪ್ಟೆಂಬರಿನಲ್ಲಿ. ಮೊದಲ ಹಾರಾಟಕ್ಕೂ ಹಿಮದ ಶಿಖರದಲ್ಲಿ ಮಾಮೂಲಿ ಸೇವೆಗೂ ನಡುವೆ ಪರೀಕ್ಷೆ, ಪೈಲಟ್ಟುಗಳ ತರಬೇತಿ, ಮೆಕ್ಯಾನಿಕ್ಕುಗಳ ಕಲಿಕೆ, ಬಿಡಿಭಾಗದ ದಾಸ್ತಾನು ಎಷ್ಟಿರುತ್ತದೆ ಎಂಬುದನ್ನೇ ನಿನ್ನ ಪ್ರಬಂಧದ ನಡುಭಾಗವಾಗಿ ಬರೆ. ಡ್ರೋನುಗಳ ಪಟ್ಟಿಯನ್ನು ಅರ್ಧಕ್ಕೆ ಇಳಿಸು.

ಅಕಾಡೆಮಿಯಿಂದ ಹೊರಬಂದ ದಿನ ನಾನೇ ನಿನಗೆ ಸೆಲ್ಯೂಟ್ ಹೊಡೆಯಬೇಕಾಗುತ್ತದೆ, ಅದಕ್ಕೇ ಬೈಯುವುದನ್ನೆಲ್ಲ ಈಗಲೇ ಬೈದಿದ್ದೇನೆ. ತಿದ್ದಿದ ಪ್ರತಿಯನ್ನು ಕಳುಹಿಸು. ನಿಮ್ಮತ್ತೆ ಕೊಬ್ಬರಿ ಮಿಠಾಯಿ ಕಟ್ಟಿಟ್ಟಿದ್ದಾಳೆ, ರಜೆಗೆ ಬಂದಾಗ ಒಯ್ಯುವೆಯಂತೆ.

ಇಂತಿ ನಿನ್ನ ಮಾವ